ಹದಿನೇಳು ಸಾವಿರದ ಪ್ರಶ್ನೆ: ಬೇಸ್ ಗಾಡಿಯೋ, ಟಾಪ್ ಗಾಡಿಯೋ?

ಟೊಮೇಟೊ ಕಾಲದಲ್ಲಿ ನಮ್ಮ ರಾಯಕೋಟೆ ರಸ್ತೆ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಟೆಂಪೋದಿಂದ ಉದುರಿದ ಹಣ್ಣು ಚಕ್ರಕ್ಕೆ ಸಿಕ್ಕಿ ಟಾರಿನ ಮೇಲೆ ಗೊಜ್ಜಾಗಿರುತ್ತೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸೈಕಲ್ ಕೂಡ ಜಾರುತ್ತೆ. ಈ ಲೇಖನ ಓದುವಷ್ಟು ಹೊತ್ತು ಆ ರಸ್ತೆಯನ್ನೇ ಕಣ್ಣ ಮುಂದೆ ಇಟ್ಟುಕೊಳ್ಳಿ.

ಹಳೇ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಮನೆಗೆ ಬಂದ. ಹೊಸೂರಿನಲ್ಲಿ ಕೆಲಸ, ಕೈಯಲ್ಲಿ ಬಣ್ಣದ ಕಾಗದ. "ಸಾರ್, ಅಪಾಚೆ ಆರ್‌ಆರ್ 310 ತಗೋತಾ ಇದೀನಿ. ಬೇಸ್ ತಗೊಳ್ಳಲಾ, ಟಾಪ್ ತಗೊಳ್ಳಲಾ?" ನಾನು ಬೈಕ್ ಓಡಿಸೋನಲ್ಲ, ವಿಜ್ಞಾನ ಹೇಳೋನು. ಆದರೂ ಆ ಕಾಗದ ಓದಿದ ಮೇಲೆ ಅನ್ನಿಸಿತು, ನಿಮ್ಮ ಪಠ್ಯಪುಸ್ತಕದ ಅರ್ಧ ಭೌತಶಾಸ್ತ್ರ ಅದರೊಳಗೇ ಇದೆ.

ಆ ಗಾಡಿ ನಮ್ಮೂರ ಪಕ್ಕದ್ದೇ. ಹೊಸೂರಿನ ಟಿವಿಎಸ್ ಕಾರ್ಖಾನೆ 1980ರಲ್ಲಿ ಇಬ್ಬರು ಕೂರುವ ಮೊಪೆಡ್ ಟಿವಿಎಸ್ 50 ತಂದಿತು. ನಿಮ್ಮ ತಾತನನ್ನ ಕೇಳಿ, ಹಾಲಿನ ಕ್ಯಾನು ಹೊತ್ತ ಕಥೆ ಹೇಳುತ್ತಾರೆ. 2013ರಲ್ಲಿ ಅದೇ ಕಂಪನಿ ಜರ್ಮನಿಯ ಬಿಎಂಡಬ್ಲ್ಯು ಜೊತೆ ಕೈ ಜೋಡಿಸಿತು. ಅದರಿಂದ ಹುಟ್ಟಿದ 312 ಸಿಸಿ ಎಂಜಿನ್ 2017ರ ಡಿಸೆಂಬರಿನಲ್ಲಿ ಬಂದ ಆರ್‌ಆರ್ 310ಕ್ಕೂ ಸೇರಿತು. ಆ ಎಂಜಿನ್ ಉಲ್ಟಾ ಕೂತಿದೆ: ಗಾಳಿ ಮುಂದಿನಿಂದ ಒಳಗೆ, ಹೊಗೆ ಹಿಂದಿನಿಂದ ಹೊರಗೆ.

ಈಗ ಬೆಲೆಗೆ ಬರೋಣ. 2024ರ ಸೆಪ್ಟೆಂಬರಿನಲ್ಲಿ ಹೊಸ ಮಾದರಿ ಬಂದಾಗ ಕ್ವಿಕ್‌ಶಿಫ್ಟರ್ ಇಲ್ಲದ ಗಾಡಿಗೆ ಶೋರೂಮಿನಲ್ಲಿ 2.75 ಲಕ್ಷ, ಇರುವುದಕ್ಕೆ 2.92 ಲಕ್ಷ. ಮೇಲೆ ಬೇಕಾದರೆ ಡೈನಾಮಿಕ್ ಕಿಟ್ 18 ಸಾವಿರ, ಡೈನಾಮಿಕ್ ಪ್ರೊ ಕಿಟ್ 16 ಸಾವಿರ. ಎಂಜಿನ್ ಎಲ್ಲದರಲ್ಲೂ ಅದೇ, 38 ಪಿಎಸ್. ಅಂದರೆ ದುಡ್ಡು ಕೊಡುವುದು ವೇಗಕ್ಕಲ್ಲ. ಹಾಗಾದರೆ ಯಾವುದಕ್ಕೆ?

ಕ್ವಿಕ್‌ಶಿಫ್ಟರ್ ಅಂದರೆ ಕ್ಲಚ್ ಹಿಡಿಯದೆ ಗೇರ್ ಬದಲಿಸುವ ವ್ಯವಸ್ಥೆ. ಎಂಜಿನ್ ಜೋರಾಗಿ ಎಳೆಯುವಾಗ ಗೇರುಗಳ ಹಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರುತ್ತವೆ, ಬಿಡಿಸಲು ಬರೋದಿಲ್ಲ. ಕ್ಲಚ್ ಆ ಒತ್ತಡ ತೆಗೆಯುತ್ತೆ. ಕ್ವಿಕ್‌ಶಿಫ್ಟರಿನಲ್ಲಿ ಗೇರ್ ಕಡ್ಡಿಯ ಮೇಲೆ ಸೆನ್ಸರ್ ಇರುತ್ತೆ. ಕಾಲು ಒತ್ತಿದ ಕೂಡಲೇ ಕಂಪ್ಯೂಟರ್ ಕಣ್ಣು ಮಿಟುಕಿಸುವಷ್ಟು ಹೊತ್ತು ಎಂಜಿನ್ನಿನ ಶಕ್ತಿ ತಡೆಯುತ್ತೆ, ಹಲ್ಲು ಸಡಿಲಾಗುತ್ತೆ, ಗೇರ್ ಬೀಳುತ್ತೆ. ಬಲು ಚೆಂದದ ಉಪಾಯ. ಆದರೆ ಲೆಕ್ಕ ಹಾಕಿ. ಒಂದು ಗೇರಿಗೆ ಕಾಲು ಸೆಕೆಂಡ್ ಉಳಿಯುತ್ತೆ ಅಂತ ಇಟ್ಟುಕೊಳ್ಳಿ. ಉದ್ದನಪಲ್ಲಿ ಮೇಲೆ ಹೊಸೂರಿಗೆ ಹೋಗುವಾಗ ನೂರು ಸಲ ಗೇರ್ ಬದಲಿಸಿದರೂ ಉಳಿದದ್ದು 25 ಸೆಕೆಂಡ್. ಹೊಸೂರು ಬಸ್ ನಿಲ್ದಾಣದ ಮುಂದೆ ಒಂದು ಆಟೋ ಅಡ್ಡ ಬಂದರೆ ಅದೂ ಹೋಯ್ತು. ರೇಸ್ ಟ್ರ್ಯಾಕಿನಲ್ಲಿ ಕಾಲು ಸೆಕೆಂಡಿಗೆ ಕಪ್ ಬರುತ್ತೆ, ನಮ್ಮ ರಸ್ತೆಯಲ್ಲಿ ಏನೂ ಬರಲ್ಲ.

ಇನ್ನು ಬ್ರೇಕು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ 16.7 ಮೀಟರ್. ನಿಲ್ಲಲು ಬೇಕಾದ ದೂರ = ವೇಗದ ವರ್ಗ ÷ (2 × ಘರ್ಷಣಾಂಕ × 9.8). ಒಣ ಟಾರಿಗೆ ಘರ್ಷಣಾಂಕ 0.7 ಇಟ್ಟುಕೊಂಡರೆ ಸುಮಾರು 20 ಮೀಟರ್. ಒದ್ದೆ ರಸ್ತೆಗೆ 0.4 ಇಟ್ಟರೆ 35 ಮೀಟರ್. ನಿಮ್ಮ ಕಣ್ಣು ನೋಡಿ ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಒಂದು ಸೆಕೆಂಡ್, ಅಂದರೆ ಇನ್ನೂ 17 ಮೀಟರ್, ಆಗಲೇ ಹೋಗಿರುತ್ತೆ. ಈಗ 80ರಲ್ಲಿ ಲೆಕ್ಕ ಮಾಡಿ: ಬ್ರೇಕಿನ ದೂರವೇ ಒಣ ರಸ್ತೆಯಲ್ಲಿ 36, ಒದ್ದೆಯಲ್ಲಿ 63 ಮೀಟರ್. ವೇಗ ಮೂರನೇ ಒಂದು ಪಾಲು ಏರಿತು, ದೂರ ಹತ್ತತ್ತಿರ ಎರಡರಷ್ಟಾಯಿತು. ವರ್ಗದ ಕೆಲಸ ಇದು. ಗಾಡಿ ಎಷ್ಟು ಲಕ್ಷದ್ದು ಅನ್ನೋದು ಈ ಸೂತ್ರದಲ್ಲಿ ಎಲ್ಲೂ ಇಲ್ಲ, ಗಮನಿಸಿದಿರಾ?

ಚಕ್ರ ಉರುಳುತ್ತಿರುವಾಗ ರಸ್ತೆಯ ಹಿಡಿತ ಹೆಚ್ಚು, ಲಾಕ್ ಆಗಿ ಜಾರಿದರೆ ಕಮ್ಮಿ. ಒಂದು ಪುಸ್ತಕಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಮೇಜಿನ ಮೇಲೆ ನಿಧಾನವಾಗಿ ಎಳೆಯಿರಿ. ಅಲುಗುವ ಮುಂಚೆ ಬ್ಯಾಂಡ್ ಎಷ್ಟು ಉದ್ದ, ಜಾರಲು ಶುರುವಾದ ಮೇಲೆ ಎಷ್ಟು, ಸ್ಕೇಲಿನಲ್ಲಿ ಅಳೆಯಿರಿ. ಆ ವ್ಯತ್ಯಾಸವನ್ನ ಕಾಪಾಡೋದೇ ಎಬಿಎಸ್. ಚಕ್ರದ ಪಕ್ಕದ ಉಂಗುರವನ್ನ ಸೆನ್ಸರ್ ನೋಡುತ್ತಾ ಇರುತ್ತೆ. ಚಕ್ರ ದಿಢೀರನೆ ನಿಲ್ಲುವ ಹಾಗಿದ್ದರೆ ಬ್ರೇಕಿನ ಒತ್ತಡ ಬಿಟ್ಟು, ಮತ್ತೆ ಹಿಡಿದು, ಮತ್ತೆ ಬಿಟ್ಟು, ಸೆಕೆಂಡಿಗೆ ಹಲವು ಸಲ. ಉರುಳುವ ಚಕ್ರವನ್ನ ತಿರುಗಿಸಬಹುದು, ಲಾಕ್ ಆದದ್ದನ್ನ ತಿರುಗಿಸಲು ಆಗಲ್ಲ. ಜಲ್ಲಿ ಚೆಲ್ಲಿದ ರಸ್ತೆಯಲ್ಲಿ ಮಾತ್ರ ಎಬಿಎಸ್ ಇದ್ದರೂ ದೂರ ಹೆಚ್ಚಾಗಬಹುದು, ಅದು ಮಂತ್ರವಲ್ಲ.

2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕಿಗೂ ನಮ್ಮ ದೇಶದಲ್ಲಿ ಎಬಿಎಸ್ ಕಡ್ಡಾಯ. ಆದರೆ ಎರಡು ಬಗೆ ಇದೆ: ಮುಂದಿನ ಚಕ್ರಕ್ಕೆ ಮಾತ್ರ ಇದ್ದರೆ ಸಿಂಗಲ್ ಚಾನೆಲ್, ಎರಡಕ್ಕೂ ಇದ್ದರೆ ಡ್ಯುಯಲ್ ಚಾನೆಲ್. ಸೈಕಲ್ಲನ್ನ ಕೈಯಲ್ಲಿ ತಳ್ಳಿಕೊಂಡು ನಡೆಯುತ್ತಾ (ಹತ್ತಬೇಡಿ!) ಮುಂದಿನ ಬ್ರೇಕ್ ಹಿಡಿಯಿರಿ, ಹಿಂದಿನ ಚಕ್ರ ಮೇಲೇಳುತ್ತೆ. ಭಾರ ಮುಂದಕ್ಕೆ ಹೋಯಿತು. ಆಮೇಲೆ ಹಿಂದಿನದು ಮಾತ್ರ ಹಿಡಿಯಿರಿ, ಅದು ಕರ್ರನೆ ಜಾರುತ್ತೆ. ಹೆಚ್ಚಿನ ಕೆಲಸ ಮುಂದಿನ ಬ್ರೇಕಿನದೇ, ಅದಕ್ಕೇ ಒಂದು ಚಾನೆಲ್ ಅಂದರೆ ಮುಂದಿನದು. ಭಾರ ಕಳಕೊಂಡ ಹಿಂದಿನ ಚಕ್ರ ಲಾಕ್ ಆಗಿ ಪಕ್ಕಕ್ಕೆ ಓಡೋದನ್ನ ತಡೆಯೋದು ಎರಡನೇ ಚಾನೆಲ್. ಅಪಾಚೆ ಆರ್‌ಟಿಆರ್ 200 ಎರಡೂ ಬಗೆಯಲ್ಲಿ ಮಾರಾಟವಾಗಿದೆ. ನಿಮ್ಮ ಅಣ್ಣ ಅಂಥ ಗಾಡಿ ನೋಡುತ್ತಿದ್ದರೆ ಬಣ್ಣದ ವಿಷಯ ಆಮೇಲೆ, ಮೊದಲು ಇದನ್ನ ಕೇಳಿ ಅನ್ನಿ. ಇಲ್ಲಿ ಹೆಚ್ಚಿನ ದುಡ್ಡು ಕೊಡೋದು ದುಂದುಗಾರಿಕೆ ಅಂತ ನಾನು ಒಪ್ಪಲ್ಲ. ಆರ್‌ಆರ್ 310ರಲ್ಲಿ ಈ ಚಿಂತೆ ಇಲ್ಲ, ಬೇಸ್‌ನಲ್ಲೇ ಎರಡೂ ಚಾನೆಲ್ ಬರುತ್ತೆ.

ಡೈನಾಮಿಕ್ ಪ್ರೊ ಕಿಟ್ಟಿನಲ್ಲಿ ಬರೋದು ತಿರುವಿನ ಎಬಿಎಸ್. ಇದಕ್ಕೆ ಪೈಥಾಗೊರಸ್ ಬೇಕು. ಟೈರಿನ ಹಿಡಿತ ಒಂದು ರೂಪಾಯಿ ಅಂತ ಇಟ್ಟುಕೊಳ್ಳಿ. ತಿರುವಿಗೆ 80 ಪೈಸೆ ಖರ್ಚಾದರೆ ಬ್ರೇಕಿಗೆ ಉಳಿಯೋದೆಷ್ಟು? 20 ಅಂದಿರಿ, ಅಲ್ವಾ? ಎರಡೂ ಬಲಗಳು ಲಂಬ ಕೋನದಲ್ಲಿವೆ, ಹಾಗಾಗಿ 80ರ ವರ್ಗ, 60ರ ವರ್ಗ ಸೇರಿದರೆ 100ರ ವರ್ಗ. ಉಳಿದದ್ದು 60 ಪೈಸೆ. ಆದರೆ ನೇರ ರಸ್ತೆಯ ಹಾಗೆ ರೂಪಾಯಿ ಪೂರ್ತಿ ಬ್ರೇಕಿಗೆ ಹಾಕಿದರೆ ಬಿದ್ದಿರಿ. ಗಾಡಿ ಎಷ್ಟು ವಾಲಿದೆ ಅಂತ ಅಳೆದು ಬ್ರೇಕನ್ನ ಅಷ್ಟಕ್ಕೇ ಮಿತಿಗೊಳಿಸೋದು ಈ ಯಂತ್ರ. ಬೆಟ್ಟದ ತಿರುವಿನಲ್ಲಿ, ಮಳೆಯಲ್ಲಿ, ಇದಕ್ಕೆ ಬೆಲೆ ಇದೆ.

ಡೈನಾಮಿಕ್ ಕಿಟ್ಟಿನ ಸಸ್ಪೆನ್ಷನ್ ಬಗ್ಗೆ ಎರಡೇ ಮಾತು. ಸೂಜಿ ತೆಗೆದ ಸಿರಿಂಜಿನಲ್ಲಿ ನೀರು ತುಂಬಿ ನಿಧಾನವಾಗಿ ಒತ್ತಿ, ಆಮೇಲೆ ಜೋರಾಗಿ ಒತ್ತಿ ನೋಡಿ; ಹರಳೆಣ್ಣೆ ಹಾಕಿಯೂ ನೋಡಿ. ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ ಹೀಗೇ ಸಣ್ಣ ತೂತಿನಲ್ಲಿ ನುಗ್ಗಿ ಗುಂಡಿಯ ಏಟನ್ನ ಶಾಖ ಮಾಡುತ್ತೆ. ತೂತಿನ ಗಾತ್ರ ಬದಲಿಸುವ ತಿರುಪು ಈ ಕಿಟ್ಟಿನಲ್ಲಿ ಬರುತ್ತೆ.

ಒಂದು ತಮಾಷೆ ಹೇಳಲೇಬೇಕು. 2020ರ ಆರ್‌ಆರ್ 310ರಲ್ಲಿ ನಾಲ್ಕು ಮೋಡ್ ಬಂದವು. ಸ್ಪೋರ್ಟಿನಲ್ಲಿ 34 ಪಿಎಸ್, ಮಳೆ ಮೋಡಿನಲ್ಲಿ 25.8. ಮಳೆಗೆ ಎಂಜಿನಿಯರುಗಳು ಕಂಡುಕೊಂಡ ಹೊಸ ಸೌಲಭ್ಯ ಏನು ಅಂದರೆ, ಶಕ್ತಿ ಕಮ್ಮಿ ಮಾಡೋದು!

ಗೇರ್ ಇರುವ ಬೈಕಿಗೆ 18 ವರ್ಷ ಆಗಲೇಬೇಕು, ಇದು ನಿಮಗೆ. 2019ರ ತಿದ್ದುಪಡಿಯಾದ ಮೇಲೆ ಚಿಕ್ಕವರು ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25 ಸಾವಿರ ದಂಡ, ಜೈಲೂ ಆಗಬಹುದು. ಅಪ್ಪನ ಜೇಬು ನೆನಪಿರಲಿ.

ನಮ್ಮ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಕ್ವಿಕ್‌ಶಿಫ್ಟರಿನ 17 ಸಾವಿರವನ್ನ ಕೈಯಲ್ಲಿ ಹಿಡಿದುಕೋ. ಯಾವ ಕಿಟ್ ಯಾವ ಗಾಡಿಗೆ ಕೊಡುತ್ತಾರೆ ಅಂತ ಅಂಗಡಿಯಲ್ಲಿ ಬರೆಸಿಕೋ. ತಿರುವಿನ ಎಬಿಎಸ್ ಸಿಗೋ ಹಾಗಿದ್ದರೆ ಅದಕ್ಕೆ, ಇಲ್ಲಾಂದರೆ ಒಳ್ಳೆ ಹೆಲ್ಮೆಟ್ಟು, ಕೈಗವಸು, ಜಾಕೆಟ್ಟು, ಉಳಿದದ್ದು ಮುಂದಿನ ಟೈರಿಗೆ. ಅವನ ಮುಖ ಸಪ್ಪಗಾಯಿತು. "ಫ್ರೆಂಡ್ಸ್ ಕೇಳ್ತಾರೆ ಸಾರ್, ಯಾಕೆ ಬೇಸ್ ತಗೊಂಡೆ ಅಂತ."

ಮೂರು ವಾರ ಬಿಟ್ಟು ಕೆಂಪು ಗಾಡಿಯಲ್ಲಿ ಬಂದ. ಬೇಸ್. ಎರಡು ಹೆಲ್ಮೆಟ್ ಇದ್ದವು, ಒಂದು ಅವನ ತಾಯಿಗಂತೆ. ಹಿಂದೆ ತಾಯಿ ಕೂತರೆ ಸ್ಪ್ರಿಂಗನ್ನ ಸ್ವಲ್ಪ ಬಿಗಿ ಮಾಡಬೇಕು, ಮಾಡಿದೆಯಾ ಅಂದೆ. ಸೀಟಿನ ಕೆಳಗಿನ ಸ್ಪ್ಯಾನರ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇತ್ತು. ಇಬ್ಬರೂ ಅಂಗಳದಲ್ಲಿ ಕೂತು ತೆಗೆದೆವು.