ಎತ್ತಿನ ಗಾಡಿ ಹತ್ತಿಸಿದ್ದು ಬಡತನವಲ್ಲ

ಬಾಹ್ಯಾಕಾಶಕ್ಕೆ ಸಂಬಂಧಪಟ್ಟ ಯಾವ ದಿನಾಚರಣೆ ಬಂದರೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಹಳೆಯ ಫೋಟೊಗಳು ತಪ್ಪದೆ ಹಾಜರಾಗುತ್ತವೆ. ಒಂದರಲ್ಲಿ ಎತ್ತಿನ ಗಾಡಿಯ ಮೇಲೆ ಕುಳಿತ ಉಪಗ್ರಹ, ಇನ್ನೊಂದರಲ್ಲಿ ಸೈಕಲ್ ಕ್ಯಾರಿಯರ್‌ಗೆ ಏರಿಸಿದ ರಾಕೆಟ್ಟಿನ ಮೂತಿ. ಕೆಳಗಿನ ಒಕ್ಕಣೆ ಒಂದೇ ಧಾಟಿಯದು: ಲಾರಿ ಬಾಡಿಗೆಗೂ ಗತಿಯಿಲ್ಲದಿದ್ದ ನಮ್ಮವರು ಕೊನೆಗೆ ಚಂದ್ರನನ್ನೇ ಮುಟ್ಟಿದರು. ಕೇಳಲು ಸೊಗಸಾಗಿದೆ. ಆದರೆ ಗಾಡಿಯ ಕತೆ ಪೂರ್ತಿ ತಪ್ಪು, ಸೈಕಲ್ಲಿನ ಕತೆ ಅರ್ಧ ತಪ್ಪು.

ಗಾಡಿಯ ಮೇಲಿರುವುದು ‘ಆಪಲ್’. ಸುಮಾರು 670 ಕಿಲೊ ತೂಕದ ಸಂವಹನ ಉಪಗ್ರಹ. ಅದು ತಯಾರಾದ ಬೆಂಗಳೂರಿನಲ್ಲಿ 1981ರ ಹೊತ್ತಿಗೆ ಲಾರಿಗಳಿಗೇನೂ ಬರ ಇರಲಿಲ್ಲ. ಅಷ್ಟರಲ್ಲಿ ಇಸ್ರೊ ಆರ್ಯಭಟ, ಭಾಸ್ಕರಗಳನ್ನು ಕಟ್ಟಿತ್ತು, ಎಸ್‌ಎಲ್‌ವಿ-3 ಎಂಬ ತನ್ನದೇ ರಾಕೆಟ್ ಹಾರಿಸಿತ್ತು. ತೊಡಕು ಇದ್ದದ್ದು ಆಂಟೆನಾ ಪರೀಕ್ಷೆಯಲ್ಲಿ. ಉಪಗ್ರಹವನ್ನು ಬಯಲಿಗೆ ತಂದು, ಅದರ ಆಂಟೆನಾ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಅಳೆಯಬೇಕಿತ್ತು. ಪಕ್ಕದಲ್ಲಿ ದೊಡ್ಡ ಲೋಹದ ವಸ್ತು ಇದ್ದರೆ ರೇಡಿಯೊ ತರಂಗಗಳು ಅದಕ್ಕೆ ಬಡಿದು ವಾಪಸಾಗುತ್ತವೆ. ಮೀಟರ್ ತೋರಿಸುವ ಅಂಕಿ ಆಂಟೆನಾದ್ದೋ ಲಾರಿಯದೋ ಗೊತ್ತಾಗುವುದಿಲ್ಲ. ಲಾರಿಯೆಂದರೆ ಬಹುಪಾಲು ಲೋಹ. ಅಷ್ಟು ಭಾರ ತಡೆಯಬೇಕು, ಆಚೀಚೆ ಓಡಾಡಬೇಕು, ಲೋಹ ಮಾತ್ರ ಕಮ್ಮಿ ಇರಬೇಕು. ಅಂಥದ್ದು ಏನಿದೆ ಎಂದು ಹುಡುಕಿದಾಗ ಸಿಕ್ಕಿದ್ದು ಮರದ ಗಾಡಿ. ನನ್ನ ಮಟ್ಟಿಗೆ ಇದು ಕಣ್ಣೀರು ಹಾಕುವ ಫೋಟೊ ಅಲ್ಲ, ಎಂಜಿನಿಯರಿಂಗ್ ಪಠ್ಯಪುಸ್ತಕದಲ್ಲಿ ಇರಬೇಕಾದ ಫೋಟೊ.

ಅದೇ ವರ್ಷದ ಜೂನ್ 19ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್ ರಾಕೆಟ್ ಆಪಲನ್ನು ಹೊತ್ತೊಯ್ದಿತು. ಮೇಲೆ ಹೋದ ಮೇಲೆ ಒಂದು ಸೌರ ಫಲಕ ಬಿಚ್ಚಿಕೊಳ್ಳಲೇ ಇಲ್ಲ. ಇದ್ದ ಒಂದರಲ್ಲೇ ಸುಧಾರಿಸಿಕೊಂಡು ಉಪಗ್ರಹ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿಯಿತು. ನಿಜವಾದ ಸಾಹಸ ಅದು. ಅದರ ಫಾರ್ವರ್ಡ್ ಇದುವರೆಗೆ ನನಗೆ ಬಂದಿಲ್ಲ.

ಸೈಕಲ್ಲಿನ ಚಿತ್ರವನ್ನು ನವೆಂಬರ್ 21ರಂದು ಹಂಚುವವರು ‘ಭಾರತದ ಮೊದಲ ರಾಕೆಟ್’ ಎಂದು ಬರೆಯುತ್ತಾರೆ. ಕೇರಳದ ತುಂಬಾದಿಂದ ಮೊದಲ ರಾಕೆಟ್ ಹಾರಿದ್ದು 1963ರ ಆ ದಿನ, ಸರಿಯೇ. ಆದರೆ ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ-ಬ್ರೆಸೋನ್ ಆ ಚಿತ್ರ ತೆಗೆದದ್ದು ಮೂರು ವರ್ಷದ ನಂತರ, 1966ರಲ್ಲಿ. ಮೊದಲ ರಾಕೆಟ್ ನಮ್ಮದೂ ಆಗಿರಲಿಲ್ಲ. ಅಮೆರಿಕ ಕೊಟ್ಟ ನೈಕಿ-ಅಪಾಚೆ ಅದು. ಅದನ್ನು ಚರ್ಚ್ ಕಟ್ಟಡದಲ್ಲಿ ಜೋಡಿಸಿ ಉಡಾವಣಾ ಸ್ಥಳಕ್ಕೆ ಒಯ್ದದ್ದು ಟ್ರಕ್ಕಿನಲ್ಲಿ ಎಂದು ಅಲ್ಲೇ ಇದ್ದ ಅಬ್ದುಲ್ ಕಲಾಂ ಆತ್ಮಕಥೆಯಲ್ಲಿ ಹೇಳಿದ್ದಾರೆ. ಕ್ರೇನ್ ಎತ್ತುವಾಗ ಹೈಡ್ರಾಲಿಕ್ ಸೋರಿ ರಾಕೆಟ್ ವಾಲತೊಡಗಿತಂತೆ. ರಿಪೇರಿಗೆ ಹೊತ್ತಿಲ್ಲ. ಅಲ್ಲಿದ್ದವರೇ ಸೇರಿ ಕೈಯಿಂದ ಎತ್ತಿ ಲಾಂಚರ್ ಮೇಲೆ ಕೂರಿಸಿದರು. ಸೈಕಲ್ ಸುಳ್ಳೆಂದಲ್ಲ. ಸಣ್ಣ ರಾಕೆಟ್ಟಿನ ಹಗುರ ಭಾಗವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸಲು ಅದು ಧಾರಾಳವಾಗಿ ಸಾಕಾಗುತ್ತಿತ್ತು.

ಕಷ್ಟವೇ ಇರಲಿಲ್ಲ ಎಂದು ವಾದಿಸುತ್ತಿಲ್ಲ. ಇದ್ದದ್ದು ಬೇರೆ ಕಡೆ. ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಮತ್ತವರ ತಂಡ ಆರ್ಯಭಟವನ್ನು ಕಟ್ಟಿದಾಗ, ಬೆಂಗಳೂರಿನಲ್ಲಿ ಅದರ ಸಂಕೇತ ಹಿಡಿಯುವ ಕೇಂದ್ರವಾಗಿ ಮಾರ್ಪಟ್ಟದ್ದು ಒಂದು ಶೌಚಾಲಯ! ಬಡತನದ ಫೋಟೊ ಬೇಕೇಬೇಕು ಎನ್ನುವವರು ಇದನ್ನು ಹುಡುಕಿಕೊಳ್ಳಲಿ.

ಆರ್ಯಭಟದ ಬಗ್ಗೆಯೂ ಒಂದು ಗಟ್ಟಿ ನಂಬಿಕೆಯಿದೆ: ಅದು ಶ್ರೀಹರಿಕೋಟಾದಿಂದ ನಮ್ಮ ರಾಕೆಟ್ಟಿನಲ್ಲಿ ಹೋಯಿತು ಎನ್ನುವುದು. ಇಲ್ಲ. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ತಿನ್ ಯಾರ್‌ನಿಂದ, ಅವರದೇ ರಾಕೆಟ್ಟಿನಲ್ಲಿ ಹೋಯಿತು. ಬೇರೆ ದಾರಿಯೂ ಇರಲಿಲ್ಲ. ಆರ್ಯಭಟದ ತೂಕ 360 ಕಿಲೊ; ಐದು ವರ್ಷದ ನಂತರ, 1980ರ ಜುಲೈ 18ರಂದು, ನಮ್ಮ ಎಸ್‌ಎಲ್‌ವಿ-3 ಮೊದಲ ಸಲ ಕಕ್ಷೆ ಮುಟ್ಟಿಸಿದ ರೋಹಿಣಿಯ ತೂಕ ಬರೀ 35 ಕಿಲೊ. ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಆರ್ಯಭಟದ ವೈಜ್ಞಾನಿಕ ಪ್ರಯೋಗಗಳು ಕೆಲವೇ ದಿನಗಳಲ್ಲಿ ನಿಂತವು. ಹಾಗಾಗಿ ಅದು ‘ಫೇಲ್’ ಎನ್ನುವವರೂ ಇದ್ದಾರೆ. ಉಪಗ್ರಹದ ಮೂಲ ವ್ಯವಸ್ಥೆ 1981ರವರೆಗೆ ಜೀವಂತವಾಗಿತ್ತು. ಉಪಗ್ರಹ ಕಟ್ಟಿ ನಡೆಸುವುದನ್ನು ಕಲಿಯುವುದೇ ಮುಖ್ಯ ಉದ್ದೇಶವಾಗಿದ್ದಾಗ ಅದನ್ನು ಸೋಲೆಂದು ಹೇಗೆ ಕರೆಯುವುದು?

ಜುಲೈ 20 ಬಂದರೆ ‘ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದಿನ’. ಅದು ಅಮೆರಿಕದ ಗಡಿಯಾರದ ಮಾತು. ಆರ್ಮ್‌ಸ್ಟ್ರಾಂಗ್ ಏಣಿ ಇಳಿದು ನೆಲ ಮುಟ್ಟಿದಾಗ ನಮ್ಮಲ್ಲಿ 1969ರ ಜುಲೈ 21, ಸೋಮವಾರ, ಬೆಳಿಗ್ಗೆ ಸುಮಾರು ಎಂಟೂವರೆ.

ಈಗ ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ. 2023ರಲ್ಲಿ ಚಂದ್ರಯಾನ-3ರ ವಿಕ್ರಮ್ ಇಳಿದದ್ದು ‘ಚಂದ್ರನ ದಕ್ಷಿಣ ಧ್ರುವದಲ್ಲಿ’ ಎಂದು ಶಾಲೆಯ ಭಾಷಣಗಳಲ್ಲೂ ಕೇಳುತ್ತೇವೆ. ಇಳಿದದ್ದು ದಕ್ಷಿಣ ಅಕ್ಷಾಂಶ ಸುಮಾರು 69.4 ಡಿಗ್ರಿಯಲ್ಲಿ, ಅಲ್ಲಿಂದ ಧ್ರುವಕ್ಕೆ ಇನ್ನೂ 600 ಕಿಲೊಮೀಟರ್‌ಗೂ ಹೆಚ್ಚು ದೂರ. ಕಾಕತಾಳೀಯವೆಂದರೆ ಭೂಮಿಯ ಮೇಲೂ ಹೆಚ್ಚುಕಡಿಮೆ ಅದೇ ಅಕ್ಷಾಂಶದಲ್ಲಿ ನಮ್ಮದೊಂದು ಠಾಣೆಯಿದೆ, ಅಂಟಾರ್ಕ್ಟಿಕಾದ ‘ಭಾರತಿ’. ಭಾರತಿಯಲ್ಲಿರುವವರನ್ನು ದಕ್ಷಿಣ ಧ್ರುವದಲ್ಲಿದ್ದಾರೆ ಎಂದು ಯಾರೂ ಹೇಳುವುದಿಲ್ಲ.

ಹಾಗೆಂದು ಸಾಧನೆ ಕಿರಿದಾಗುವುದಿಲ್ಲ. ಅಷ್ಟು ದಕ್ಷಿಣಕ್ಕೆ ಅದಕ್ಕೂ ಮುಂಚೆ ಯಾರೂ ಮೆತ್ತಗೆ ಇಳಿದಿರಲಿಲ್ಲ. ಧ್ರುವಕ್ಕೆ ಹತ್ತಿರವಾದಷ್ಟೂ ಸೂರ್ಯ ದಿಗಂತದ ಅಂಚಿನಲ್ಲೇ ತೆವಳುತ್ತಾನೆ, ನೆರಳು ಉದ್ದವಾಗುತ್ತದೆ, ಕುಳಿಗಳ ಒಳಗೆ ಬೆಳಕೇ ಬೀಳುವುದಿಲ್ಲ. ಬಿಸಿಲನ್ನೇ ನಂಬಿದ ಲ್ಯಾಂಡರ್‌ಗೆ ಸಮತಟ್ಟಾದ, ಬೆಳಕಿರುವ ಜಾಗವೇ ಬೇಕು. ಇನ್ನು ‘ಚಂದ್ರನ ಕಾಣದ ಬದಿಯಲ್ಲಿ ಇಳಿಯಿತು’ ಎನ್ನುವ ಮಾತು ಶುದ್ಧ ತಪ್ಪು. ವಿಕ್ರಮ್ ಇರುವುದು ನಮಗೆ ಕಾಣುವ ಬದಿಯಲ್ಲೇ. ಹಾಗಾಗಿಯೇ ಅದು ಭೂಮಿಯ ಆಂಟೆನಾಗಳೊಡನೆ ನೇರ ಮಾತಾಡಲು ಆಯಿತು.

ಮುಂದಿನ ತಿಂಗಳು ವಿಕ್ರಮ್ ಮತ್ತು ಅದರ ರೋವರ್ ಪ್ರಜ್ಞಾನ್ ನಿದ್ದೆಯಿಂದ ಏಳಲಿಲ್ಲವೆಂದು ಹಲವರು ಮರುಗಿದರು. ಅವನ್ನು ರೂಪಿಸಿದ್ದೇ ಒಂದು ಚಾಂದ್ರ ಹಗಲಿಗೆ, ಅಂದರೆ ಭೂಮಿಯ ಸುಮಾರು 14 ದಿನಕ್ಕೆ. ಅಷ್ಟರಲ್ಲಿ ರೋವರ್ 100 ಮೀಟರಿಗೂ ಹೆಚ್ಚು ಓಡಾಡಿತ್ತು, ನೆಲದಲ್ಲಿ ಗಂಧಕ ಇರುವುದನ್ನು ಪತ್ತೆ ಮಾಡಿತ್ತು, ಲ್ಯಾಂಡರ್ ಎಂಜಿನ್ ಉರಿಸಿ ಒಮ್ಮೆ ಸಣ್ಣಗೆ ನೆಗೆದು ಪಕ್ಕದಲ್ಲೇ ಇಳಿದಿತ್ತು. ಆ ನೆಗೆತವಂತೂ ಮೊದಲಿನ ಯೋಜನೆಯ ಗುರಿಗಳಲ್ಲಿ ಇರಲೇ ಇಲ್ಲ.