ಕಾಣದ ಹೊಗೆ ಹೊಳೆದಾಗ!

ಯಲಹಂಕದಿಂದ ಹೊರಟ ಬಿಎಸ್-6 ಡೀಸೆಲ್ ಬಸ್ಸಿನ ಹಿಂದೆ ಒಮ್ಮೆ ನಿಂತು ನೋಡಿ. ಹೊಗೆಯೇ ಇಲ್ಲ! ಪರವಾಗಿಲ್ಲ, ಗಾಡಿ ಶುದ್ಧ ಅಂದುಕೊಂಡಿರಾ? ತಾಳಿ. ಡೀಸೆಲ್ ಎಂಜಿನ್ ಉಗುಳುವ ನೈಟ್ರಿಕ್ ಆಕ್ಸೈಡಿಗೆ ಬಣ್ಣವೇ ಇಲ್ಲ. ಎಮಿಷನ್ ಟೆಸ್ಟಿನ ಅಂಗಡಿಯಲ್ಲೂ ಆಕ್ಸಿಲರೇಟರ್ ತುಳಿಸಿ ಹೊಗೆಯ ಕಪ್ಪು ಎಷ್ಟೆಂದು ನೋಡುತ್ತಾರೆ, ಅಷ್ಟೇ.

ಕಾಣದ್ದನ್ನು ಹಿಡಿಯುವುದು ಹೇಗೆ? ಅದನ್ನು ಹೊಳೆಯುವಂತೆ ಮಾಡಿ! ಪೆಮ್ಸ್ ಎಂಬ ಉಪಕರಣ ಗಾಡಿಯ ಮೇಲೇ ಸವಾರಿ ಮಾಡುವ ಪ್ರಯೋಗಾಲಯ. ಸೈಲೆನ್ಸರಿಗೆ ಸಿಕ್ಕಿಸಿದ ಕೊಳವೆ ಒಂದು ಗುಟುಕು ಹೊಗೆ ಹೀರುತ್ತದೆ. ಕೆಲವು ಪೆಮ್ಸ್‌ಗಳಲ್ಲಿ ಪುಟ್ಟ ಕೋಣೆಯೊಂದರಲ್ಲಿ ಆ ಹೊಗೆಗೆ ಓಜೋನ್ ಬೆರೆಸುತ್ತಾರೆ. ನೈಟ್ರಿಕ್ ಆಕ್ಸೈಡ್ ಓಜೋನಿಗೆ ತಾಗಿದ್ದೇ ತಡ, ಮಿಣುಕುಹುಳದಂತೆ ಮಸುಕು ಬೆಳಕು! ಬೆಳಕು ಎಷ್ಟೋ, ವಿಷ ಅಷ್ಟು. ಜೊತೆಗೆ ಹೊಗೆಯ ಹರಿವು, ಎಂಜಿನ್ ಮಾಡಿದ ಕೆಲಸ, ಜಿಪಿಎಸ್ ತೋರುವ ಜಾಗ, ಎಲ್ಲವೂ ಸೆಕೆಂಡು ಸೆಕೆಂಡಿಗೂ ದಾಖಲು.

ಭಾರಿ ವಾಹನಗಳಿಗೆ ಬಿಎಸ್-4ರಲ್ಲಿ ಒಂದು ಯೂನಿಟ್ ಕೆಲಸಕ್ಕೆ 3.5 ಗ್ರಾಂ ನೈಟ್ರೋಜನ್ ಆಕ್ಸೈಡುಗಳಿಗೆ ಮಾಫಿ ಇತ್ತು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6ರಲ್ಲಿ ಪ್ರಯೋಗಾಲಯದ ಪರೀಕ್ಷೆಯ ಮಿತಿ ಬರೀ 0.46 ಗ್ರಾಂ! ಈ ಪವಾಡದ ಗುಟ್ಟು ಡ್ರೈವರುಗಳು 'ಯೂರಿಯಾ' ಎನ್ನುವ ನೀಲಿ ಮುಚ್ಚಳದ ಟ್ಯಾಂಕಿನಲ್ಲಿದೆ. ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ನೀರು. ಬಿಸಿ ಹೊಗೆಗೆ ಅದನ್ನು ಸಿಂಪಡಿಸಿದರೆ ಅಮೋನಿಯಾ ಹುಟ್ಟುತ್ತದೆ. ಆ ಅಮೋನಿಯಾ ವಿಷವನ್ನು ನೈಟ್ರೋಜನ್ ಮತ್ತು ನೀರಾಗಿಸುತ್ತದೆ.

ಆದರೆ ಕೊಕ್ಕೆ ಇರುವುದು 'ಬಿಸಿ' ಎಂಬ ಮಾತಿನಲ್ಲೇ! ಹೊಗೆ ಸುಮಾರು 200 ಡಿಗ್ರಿಗಿಂತ ತಣ್ಣಗಾದರೆ ಈ ಅಡುಗೆ ಬೇಯುವುದಿಲ್ಲ. ಯಲಹಂಕದ ಎತ್ತರದ ರಸ್ತೆಯಲ್ಲಿ ಬಸ್ಸು ಸರಾಗ ಓಡುವಾಗ ಎಲ್ಲವೂ ಕುದಿಯುತ್ತಿರುತ್ತದೆ, ಪೆಮ್ಸ್ ದಾಖಲೆಯಲ್ಲಿ ವಿಷದ ಗೆರೆ ನೆಲಕ್ಕಂಟಿರುತ್ತದೆ. ಹೆಬ್ಬಾಳ ಹತ್ತಿರವಾಗುತ್ತದೆ. ಬ್ರೇಕ್, ತೆವಳು, ನಿಲ್ಲು, ಮತ್ತೆ ತೆವಳು. ಎಂಜಿನ್ನಿಗೆ ಕೆಲಸವಿಲ್ಲ, ಹೊಗೆ ತಣಿಯುತ್ತದೆ, ಗೆರೆ ಮೇಲೇಳಲು ಶುರು!

ಪ್ರಯೋಗಾಲಯದಲ್ಲಿ ಪಾಸಾದ ಎಂಜಿನ್ನನ್ನು ಮತ್ತೆ ರಸ್ತೆಗಿಳಿಸಿ ಅಳೆಯುವುದು ಇದಕ್ಕೇ. ಬೀದಿಗಿಳಿದು ಅಳೆಯುವ ಹಟ ನಮ್ಮೂರಿಗೆ ಹೊಸದೂ ಅಲ್ಲ. ಇಲ್ಲೇ ನಾಗಶೆಟ್ಟಿಹಳ್ಳಿಯಲ್ಲಿ ನೆಲೆಗೊಂಡಿದ್ದ ಸಿ-ಸ್ಟೆಪ್ ಸಂಸ್ಥೆಯವರು ಕಾರಿಗೇ ಉಪಕರಣ ಕಟ್ಟಿಕೊಂಡು ಬೆಂಗಳೂರು ಸುತ್ತಿದರು. ಮುಖ್ಯರಸ್ತೆಗಳಲ್ಲಿ ಕಪ್ಪು ಇಂಗಾಲ ಒಳಬೀದಿಗಳಿಗಿಂತ ಬಹಳ ಹೆಚ್ಚೆಂದು ಕಂಡುಕೊಂಡರು.

ಎಂಜಿನ್ ಬಾನೆಟ್ಟಿನೊಳಗೇ ಮುಗಿಯುತ್ತದೆ ಅಂದುಕೊಂಡಿದ್ದೆವಲ್ಲ? ಆ ಮಸುಕು ಬೆಳಕನ್ನು ಕೇಳಿ ನೋಡಿ: ಹೆಬ್ಬಾಳದ ಜಾಮ್ ಕೂಡ ಎಂಜಿನ್ನಿನದೇ ಒಂದು ಬಿಡಿಭಾಗ!