ಡೀಸೆಲ್ ಕಾರಿಗೊಂದು ಹೊಗೆ ಪರೀಕ್ಷೆ

ಮನೆಯಲ್ಲಿ ಡೀಸೆಲ್ ಕಾರಿದ್ದರೆ ಹೊಗೆ ತಪಾಸಣೆಯ ಸರ್ಟಿಫಿಕೇಟು ಬೇಕೇ ಬೇಕು. ಅದೆಲ್ಲ ಗಂಡಸರ ಕೆಲಸ ಅಂತ ನಾವು ಸುಮ್ಮನಿದ್ದುಬಿಡುತ್ತೇವೆ. ಆದರೆ ಅಂಗಳದಲ್ಲಿ ಕಾರು ಸ್ಟಾರ್ಟ್ ಮಾಡಿದಾಗ ಆ ಹೊಗೆ ಕುಡಿಯುವವರು ನಾವು, ನಮ್ಮ ಮಕ್ಕಳು ತಾನೇ? ಡೀಸೆಲ್ ಹೊಗೆ ಕ್ಯಾನ್ಸರ್ ತರಬಲ್ಲದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ.

ಗಾಳಿ ಸಾಲದ ಸೀಮೆಎಣ್ಣೆ ಸ್ಟವ್ ಪಾತ್ರೆಗೆ ಮಸಿ ಹಿಡಿಸುವುದಿಲ್ಲವೇ? ಎಂಜಿನ್ನಿನದೂ ಅದೇ ಕಥೆ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿದ್ದರೆ, ಇಂಜೆಕ್ಟರ್ ಕೆಟ್ಟಿದ್ದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಅಂತ ತಿಳಿಯಿರಿ.

ತಪಾಸಣೆಗೆ ಮುಂಚೆ ಇಷ್ಟು ಮಾಡಿಸಿ:

* ಏರ್ ಫಿಲ್ಟರ್ ನೋಡಿಸಿ, ಕೊಳೆಯಾಗಿದ್ದರೆ ಬದಲಿಸಿ.
* ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್ ಬದಲಿಸುವ ಅವಧಿ ಮೀರದಿರಲಿ.
* ಟೈಮಿಂಗ್ ಬೆಲ್ಟ್ ಹಳತಾಗಿದ್ದರೆ ಮೊದಲು ಹೊಸದು ಹಾಕಿಸಿ. ತಪಾಸಣೆಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ.
* ಇಪ್ಪತ್ತು ನಿಮಿಷ ಕಾರು ಓಡಿಸಿ, ಎಂಜಿನ್ ಬಿಸಿ ಇರುವಾಗಲೇ ತಪಾಸಣೆಗೆ ಕೊಡಿ.

ಸೈಲೆನ್ಸರಿಗೆ ಕೊಳವೆ ಇಟ್ಟು ಹೊಗೆಯ ದಟ್ಟಣೆ ಅಳೆಯುತ್ತಾರೆ. ಬಿ.ಎಸ್. 4 ದರ್ಜೆಯ ಕಾರಿಗೆ ಅಂಕಿ 1.62 ಮೀರಬಾರದು; ಆ ದರ್ಜೆಗೂ ಆನಂತರದ್ದಕ್ಕೂ ಸರ್ಟಿಫಿಕೇಟು ಒಂದು ವರ್ಷ ನಡೆಯುತ್ತದೆ. ಬಿ.ಎಸ್. 4ಕ್ಕೂ ಹಳೆಯದಕ್ಕೆ ಮಿತಿ 2.45, ಅವಧಿ ಆರು ತಿಂಗಳು.

ಕೆಲವರು ನೂರಿನ್ನೂರು ಹೆಚ್ಚಿಗೆ ಕೊಟ್ಟು, ಕಾರು ಒಯ್ಯದೆಯೇ ಸರ್ಟಿಫಿಕೇಟು ತಂದುಬಿಡ್ತಾರೆ. ಕಾಗದ ಸಿಕ್ಕೀತು, ಹೊಗೆ ಹೋದೀತೇ? ಮುಂದಿನ ಸಲ ನೀವೂ ಜೊತೆಗೆ ಹೋಗಿ, ಅಂಕಿ ಎಷ್ಟು ಬಂತು ಅಂತ ಕೇಳಿ.